ಗಿರಣಿಯವನ ಕೆಮ್ಮು

ಫಕೀರಪ್ಪನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಬಿಳುಪು. ನಮ್ಮ ಮನೆಯ ಎದುರಿನ ಹಿಟ್ಟಿನ ಗಿರಣಿ ಅವನದು. ತಲೆ, ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು ಹಿಡಿದು, ಹೊತ್ತು ಇಳಿಯುವಾಗ ಅವನು ಬಾಗಿಲಲ್ಲಿ ನಿಂತರೆ ಸುಣ್ಣದ ಗೋಡೆ ಯಾವುದು, ಮನುಷ್ಯ ಯಾವುದು ತಿಳಿಯುತ್ತಿರಲಿಲ್ಲ. "ನಿನ್ನ ರೆಪ್ಪಿ ಕೊಡವಿದ್ರ ನನ್ನೊಬ್ಬಾಕಿಗೆ ವರ್ಷದ ರೊಟ್ಟಿ ಅಕ್ಕಾವು" ಎಂದು ನಾನು ಕಾಡಿಸುತ್ತಿದ್ದೆ. ಅವನು ನಗುತ್ತಿದ್ದ, ನಗು ಅರ್ಧಕ್ಕೆ ಬರುವಷ್ಟರಲ್ಲಿ ಕೆಮ್ಮಾಗುತ್ತಿತ್ತು.

ಆ ಕೆಮ್ಮು ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಪರಿಚಯ. ಗಂಡನ ಗೊರಕೆಗಿಂತ ಹೆಚ್ಚು ಅದನ್ನೇ ಕೇಳಿದ್ದೇನೆ. ಗಂಡ ಬೇಗ ಹೋದ, ಕೆಮ್ಮು ಉಳಿಯಿತು. ಹುಟ್ಟಿದ ಮೇಲೆ ಹಿಟ್ಟಿನ ಧೂಳನ್ನೇ ಉಸಿರಾಡಿದವನು ಕೆಮ್ಮದೆ ಇನ್ನೇನು ಮಾಡುತ್ತಾನೆ? ಊರಿನ ನಾಯಿಗೂ ಅದು ಗೊತ್ತಿತ್ತು.

ಆಮೇಲೆ ಲಾಕ್‌ಡೌನ್ ಬಂತು. ಪೇಟೆಯ ದಾರಿಗೆ ಅಡ್ಡಲಾಗಿ ಜಾಲಿಮುಳ್ಳು ಒಟ್ಟಿದರು. ಕಿರಾಣಿ ಅಂಗಡಿಯವನು ಬಾಗಿಲು ಹಾಕಿಕೊಂಡು, ಕಿಟಕಿಗೆ ಒಂದು ಪೈಪು ಕಟ್ಟಿ, ಅದರೊಳಗಿಂದ ಅಕ್ಕಿ ಸಕ್ಕರೆ ಸುರಿಯತೊಡಗಿದ. ನಾವು ಈಚೆ ತುದಿಯಲ್ಲಿ ಚೀಲ ಹಿಡಿದು, ಎಮ್ಮೆ ಹಿಂಡಲು ಕೂತವರಂತೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಚಹಾದಂಗಡಿಯವನು ಒಲೆಯನ್ನು ಹಿತ್ತಿಲಿಗೆ ಒಯ್ದ. ಕ್ಷೌರದವನು ಹೊಲದ ಬೇವಿನ ಮರದ ಕೆಳಗೆ ಕೂತ. ಊರಿನ ಹಿರಿಯರಾದ ಶಂಕರಗೌಡರು ಅಲ್ಲಿ ಗುಟ್ಟಾಗಿ ಗಡ್ಡ ಹೆರೆಸಿಕೊಂಡು ಬಂದು, ನುಣ್ಣಗಿನ ಗಲ್ಲದ ಮೇಲೆ ಟವೆಲು ಸುತ್ತಿ, ಯಾರೂ ಮನೆ ಬಿಟ್ಟು ಹೊರಬೀಳಬಾರದು ಎಂದು ಸಾರುತ್ತಿದ್ದರು. ಅಲ್ಲಿಯವರೆಗೆ ನನಗೆ ಎಲ್ಲವೂ ನಗೆಯಾಗಿಯೇ ಕಂಡಿತ್ತು.

ಒಂದು ಬೆಳಿಗ್ಗೆ ಗಿರಣಿಯ ಮುಂದೆ ಬುಟ್ಟಿ ಹಿಡಿದು ನಿಂತಿದ್ದೆವು. ಗೌಡರೂ ಅಲ್ಲೇ ಇದ್ದರು. ಫಕೀರಪ್ಪ ಎಂದಿನಂತೆ ಕೆಮ್ಮಿದ. ಗೌಡರ ಅಣ್ಣನ ಮಗ ಗುರುಶಾಂತ, ಹಾವು ಕಂಡವನಂತೆ ಹಿಂದೆ ಜಿಗಿದ.

"ಕಾಕಾ, ಕೇಳಿದ್ರಿಲ್ಲ? ಇಂವಗ ಹತ್ತೇತಿ."

"ಹಿಟ್ಟು ಹತ್ತೇತೋ ತಮ್ಮಾ," ಎಂದೆ. "ನಿಮ್ಮಪ್ಪನ್ನ ತೊಟ್ಲಾಗ ಹಾಕಿದಾಗೂ ಇಂವ ಹಿಂಗ ಕೆಮ್ಮತಿದ್ದ."

"ಆಯಿ, ನಿನಗ ತಿಳಿಯೂದಿಲ್ಲ, ಸುಮ್ನಿರು," ಎಂದರು ಗೌಡರು.

"ಗೌಡ್ರ, ಇದು ನನ್ನ ಹಳೇ ಕೆಮ್ಮು ಅಲ್ಲೇನ್ರಿ," ಎಂದ ಫಕೀರಪ್ಪ. "ನಿಮ್ಮ ಮದುವಿ ಹಿಟ್ಟು ಬೀಸಿದವ ನಾನ..."

"ಮಾತಾಡಬ್ಯಾಡ. ಉಗುಳು ಹಾರತೈತಿ."

ಅಷ್ಟಕ್ಕೇ ಮುಗಿಯಿತು. ಗಿರಣಿಗೆ ಕೀಲಿ ಹಾಕಿ ಗೌಡರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಿರಣಿಗೆ ಹೊಂದಿಕೊಂಡೇ ಇದ್ದ ಅವನ ಮನೆಯ ಹೊಸ್ತಿಲ ಮುಂದೆ ಗುರುಶಾಂತ ಸುಣ್ಣದ ಗೆರೆ ಎಳೆದ. ಗಂಡ ಹೆಂಡತಿ ಅದನ್ನು ದಾಟಕೂಡದು. ಅವನ ಹೆಂಡತಿ ತುಂಗವ್ವ ಬೀದಿಯ ನಳಕ್ಕೂ ಬರಕೂಡದು. ಎಲ್ಲರ ಮನೆಯ ಹೆರಿಗೆಗೂ ಓಡಿಬರುತ್ತಿದ್ದ ಹೆಂಗಸು ಅವಳು. ಅವಳ ಕೊಡವನ್ನು ಕೋಲಿನಿಂದ ತಳ್ಳಿದರು. ತಳ್ಳಿದವರಲ್ಲಿ ಅವಳ ಕೈಯಲ್ಲಿ ಹುಟ್ಟಿದವರೂ ಇದ್ದರು.

ದಿನವೂ ಒಂದು ಕೊಡ ನೀರು ತಂದು ಗೆರೆಯ ಪಕ್ಕ ಇಡುವುದು ನನ್ನ ಪಾಲಿಗೆ ಬಂತು. ಅದಕ್ಕಿಂತ ಹೆಚ್ಚಿಗೆ ನನ್ನ ಸೊಂಟ ಒಪ್ಪುತ್ತಿರಲಿಲ್ಲ. ಕುಡಿಯುವುದು, ಅಡಿಗೆ, ಎಲ್ಲವೂ ಅದರಲ್ಲೇ ಆಗಬೇಕು. ಒಮ್ಮೆ ಕೊಡ ಇಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ಯಾರೋ ಕಪ್ಪಗಿನ, ಸಣಕಲು ಮುದುಕ. ನೆಂಟರು ಬಂದಿದ್ದಾರೆಂದುಕೊಂಡೆ. ಅವನು ಕೆಮ್ಮಿದಾಗಲೇ ಗೊತ್ತಾದದ್ದು, ಅದು ಹಿಟ್ಟಿಲ್ಲದ ಫಕೀರಪ್ಪ. ಅವನ ಬಿಳುಪನ್ನು ಊರೇ ಒರೆಸಿ ತೆಗೆದಿತ್ತು.

"ಯಕ್ಕಾ, ಉಣ್ಣಾಕ ಒಲ್ಲೆ ಅಂತಾರ," ಎಂದಳು ತುಂಗವ್ವ, ಗಂಡನಿಗೆ ಕೇಳದಂತೆ. "ಗಿರಣಿ ಸದ್ದಿಲ್ದ ನಿದ್ದೀನೂ ಇಲ್ಲ. ಊರಿಗೆ ಬ್ಯಾಡಾದ ಮ್ಯಾಲ ನಾ ಯಾಕಿರಬೇಕು ಅಂತ ಗ್ವಾಡೀಗೆ ಕೇಳ್ತಾರ. ಒಮ್ಮಿ ಅವರನ್ನ ಗಿರಣಿ ಒಳಗ ಬಿಡ್ರಿ ಅಂತ ಗೌಡರಿಗೆ ಹೇಳಬೇ."

ಹೇಳಿದೆ. ಗೌಡರು ನನ್ನಿಂದಲೂ ಒಂದು ಮಾರು ದೂರ ಸರಿದು ನಿಂತರು, ಅಷ್ಟೆ.

ಊರಿನ ಹಗೇವುಗಳಲ್ಲಿ ಜೋಳ ತುಂಬಿತ್ತು, ಡಬ್ಬಿಗಳಲ್ಲಿ ಹಿಟ್ಟು ಮುಗಿಯಿತು. ಅನ್ನ ಉಂಡು ಉಂಡು ಗಂಡಸರ ಮುಖ ಬಾಣಂತಿಯರ ಮುಖದಂತೆ ಊದಿಕೊಂಡಿತು. ರೊಟ್ಟಿಯ ಆಸೆಗೆ ಊರಿನವರ ಬುದ್ಧಿ ಚುರುಕಾಯಿತು. ರೋಗ ಇರುವುದು ಮನುಷ್ಯನಿಗೆ, ಗಿರಣಿಗಲ್ಲ ಎಂದು ತೀರ್ಮಾನಿಸಿದರು. ಟ್ರ್ಯಾಕ್ಟರ್ ಓಡಿಸುವ ಗುರುಶಾಂತನೇ ಗಿರಣಿಯನ್ನೂ ಓಡಿಸುವುದೆಂದಾಯಿತು.

"ಅಂವನ ಗಿರಣಿ, ಅಂವನ್ನ ಒಂದ ಮಾತ ಕೇಳ್ರಿ," ಎಂದೆ.

"ಬೀಸ್ಕೊಂಡು ಹೊಕ್ಕೇವಷ್ಟ ಆಯಿ. ಗಿರಣಿ ಏನ್ ಹೊತ್ಕೊಂಡು ಹೊಕ್ಕೇವೇನು?" ಎಂದ ಗುರುಶಾಂತ.

ಫಕೀರಪ್ಪ ಮುಟ್ಟಿದ್ದ ಹಿಡಿಕೆ, ಬಾಗಿಲು, ಅವನು ಕೂರುತ್ತಿದ್ದ ಮಣೆ, ಎಲ್ಲವನ್ನೂ ಫಿನಾಯಿಲಿನಲ್ಲಿ ತೊಳೆದರು. ಅವನು ಗೆರೆಯಾಚೆ ನಿಂತು ನೋಡುತ್ತಿದ್ದಂತೆಯೇ ತೊಳೆದರು. ಹೆಣದ ಹಾಸಿಗೆ ಎಸೆದ ಹಾಗೆ ಆ ಮಣೆಯನ್ನು ಬೀದಿಗೆ ಎಸೆದರು.

ಗಿರಣಿಯಲ್ಲಿ ಎರಡು ಕಲ್ಲು. ಒಳಗಿನದು ಜೋಳಕ್ಕೆ, ಬಾಗಿಲ ಬಳಿಯದು ಮೆಣಸಿನಕಾಯಿಗೆ. ಯುಗಾದಿಯ ಮೊದಲು ಊರೆಲ್ಲ ವರ್ಷದ ಖಾರ ಬೀಸಿಸಿಕೊಂಡಿತ್ತು. ಆ ಕಲ್ಲನ್ನು ಆಮೇಲೆ ಯಾರೂ ತೊಳೆದಿರಲಿಲ್ಲ. ಗುರುಶಾಂತ ಮೂಗಿನ ಮೇಲೆ ಮೂರು ಟವೆಲು ಬಿಗಿದಿದ್ದ. ಅವನ ಮೂಗಿನ ಕೆಳಗೆ ಎಮ್ಮೆ ಸತ್ತು ಬಿದ್ದರೂ ವಾಸನೆ ಬರುವಂತಿರಲಿಲ್ಲ. ಅವನು ಬಾಗಿಲ ಬಳಿಯ ಕಲ್ಲಿಗೇ ಬೆಲ್ಟು ಹಾಕಿದ.

ಸದ್ದು ಕೇಳಿ ಫಕೀರಪ್ಪ ಗೆರೆಯವರೆಗೆ ಓಡಿಬಂದ.

"ಗುರುಶಾಂತಪ್ಪಾ, ಅದಲ್ಲೋ, ಆ ಕಲ್ಲು..."

ಅಷ್ಟರಲ್ಲಿ ಕೆಮ್ಮು ಬಂತು. ಹೆಂಗಸರು ಸೆರಗು ಮುಚ್ಚಿಕೊಂಡು ಚದುರಿದರು. ಗೌಡರು ಕೋಲೆತ್ತಿದರು.

"ಒಳಗ ನಡಿ. ಊರನ್ನ ಸಾಯಿಸ್ತೀಯೇನು?"

ಫಕೀರಪ್ಪ ಕೆಮ್ಮುತ್ತಲೇ ಕೈ ಬೀಸಿ ಬೇಡ ಬೇಡ ಎಂದ. ಯಾರೂ ನೋಡಲಿಲ್ಲ. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

ಗುರುಶಾಂತ ಗೌಡರ ಜೋಳ ಸುರಿದ. ಬೇಗ ಆಗಲೆಂದು ಕಲ್ಲನ್ನು ಜೋರಾಗಿ ಬಿಟ್ಟ. ಕೆಂಪು ಬೆರೆತ ಹಿಟ್ಟು, ಕಲ್ಲಿನ ಬಾಯಿಗೆ ಕಟ್ಟಿದ್ದ ಬಟ್ಟೆಯ ಸೊಂಡಿಲನ್ನು ಹರಿದುಕೊಂಡು ಬಾಗಿಲಿನಿಂದ ಮೋಡದಂತೆ ಹೊರಬಂತು.

ಮೊದಲು ಕೆಮ್ಮಿದ್ದು ಗೌಡರು. ಆಮೇಲೆ ಇಡೀ ಊರು ಕೆಮ್ಮಿತು. ಆ ಸದ್ದಿಗೆ ಆಚೆ ಊರಿನ ಹಕ್ಕಿಗಳೂ ಎದ್ದವು. ಒಬ್ಬರ ಕೆಮ್ಮಿಗೆ ಹೆದರಿ ಇನ್ನೊಬ್ಬರು ಓಡುವುದು, ಓಡಿದವರು ತಾವೇ ಕೆಮ್ಮುವುದು. ಟವೆಲು, ಮಾಸ್ಕು ಎಲ್ಲ ಕಿತ್ತೆಸೆದು, ಸಿಂಬಳ ಸುರಿಸುತ್ತ, ಸಿಕ್ಕಲ್ಲಿ ಉಗುಳಿದರು. ನನ್ನ ಗಂಡ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

"ಗೌಡ್ರ," ಎಂದೆ, ಕೆಮ್ಮಿನ ನಡುವೆ ಮಾತು ಬಂದಷ್ಟು ಬರಲೆಂದು, "ಸುಣ್ಣ ಇನ್ನಷ್ಟು ತರಸ್ರಿ. ಊರ ಸುತ್ತ ಗೆರಿ ಹೊಡೀಬೇಕಾಗೇತಿ."

ಫಕೀರಪ್ಪ ಎದ್ದ. ಗೆರೆ ದಾಟಿ, ಕೆಂಪು ಮೋಡದೊಳಗೆ ನಡೆದು ಹೋಗಿ ಗಿರಣಿ ನಿಲ್ಲಿಸಿದ. ಮನೆಗೆ ಹೋಗಿ ನೀರಿನ ಕೊಡವನ್ನೂ ಚೆಂಬನ್ನೂ ತಂದು ಎಲ್ಲರ ನಡುವೆ ಇಟ್ಟ. ಅವರಿಬ್ಬರ ಇಡೀ ದಿನದ ನೀರು ಅದು.

"ಕುಡೀರಿ," ಎಂದ.

ಯಾರೂ ಹತ್ತಿರ ಬರಲಿಲ್ಲ. ಗಂಟಲು ಉರಿಯುತ್ತಿತ್ತು, ಕಣ್ಣು ಸುರಿಯುತ್ತಿತ್ತು, ಆದರೂ ಅವರು ಕೊಡವನ್ನು ನೋಡಿ, ಅವನ ಕೈಯನ್ನು ನೋಡಿ, ಹಾಗೇ ನಿಂತರು. ಗುರುಶಾಂತ ಮೊಣಕಾಲೂರಿ ಬಿದ್ದಿದ್ದವನು ತಲೆಯಾಡಿಸಿ ಬೇಡವೆಂದ.

ಫಕೀರಪ್ಪನಿಗೆ ಅರ್ಥವಾಯಿತು. ದೂರ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತ.

ಅವನು ಬೆನ್ನು ತಿರುಗಿಸಿದ್ದೇ ತಡ, ಊರು ಕೊಡದ ಮೇಲೆ ಬಿತ್ತು. ಚೆಂಬಿಗಾಗಿ ಕಿತ್ತಾಡಿದರು. ಸಿಗದವರು ಕೊಡಕ್ಕೇ ಬಾಯಿ ಹಾಕಿದರು. ಗೌಡರ ಮೂಗಿನದು ನೀರಿಗೆ ಬಿದ್ದುದನ್ನು ಕಂಡೂ ಹಿಂದಿನವನು ಕುಡಿದ. ನಾನು ಕುಡಿಯಲಿಲ್ಲ. ಗಂಟಲಲ್ಲಿ ಬೆಂಕಿ ಇತ್ತು, ಆದರೆ ಅವರ ಬಾಯಿ ತಾಗಿದ ಚೆಂಬನ್ನು ಮುಟ್ಟಲು ನನಗೆ ಹೇಸಿಗೆಯಾಯಿತು.

ಸ್ವಲ್ಪ ಸುಧಾರಿಸಿಕೊಂಡು ಗೌಡರು ಸೊಂಟದಿಂದ ಕೀಲಿಕೈ ತೆಗೆದರು.

"ಹಿಡಿಯೋ ಫಕೀರಪ್ಪ. ಇನ್ನ ನೀನ ನಡಸು. ಆಗಿದ್ದಾತು, ಬಿಡು."

ಫಕೀರಪ್ಪ ತಿರುಗಿದ. ಕೈ ಚಾಚಲಿಲ್ಲ.

"ಆ ಕಟ್ಟಿ ಮ್ಯಾಲ ಇಡ್ರಿ," ಎಂದ. "ಇಟ್ಟು ದೂರ ಸರೀರಿ."

ಗೌಡರು ಅವನ ಮುಖ ನೋಡಿದರು. ಆಮೇಲೆ ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟು, ಹಿಂದೆ ಹಿಂದೆ ಸರಿದರು.

ತುಂಗವ್ವ ಒಲೆಯ ಬೂದಿ ತಂದು ಗಂಡನ ಪಕ್ಕ ಇಟ್ಟಳು. ಇನ್ನೊಂದು ಕೊಡ ಕಂಕುಳಲ್ಲಿಟ್ಟುಕೊಂಡು, ಹಾಡಹಗಲಲ್ಲಿ, ಬೀದಿಯ ನಳದ ಕಡೆಗೆ ನಡೆದಳು. ಹೆಂಗಸರು ದಾರಿ ಬಿಟ್ಟರು.

ಫಕೀರಪ್ಪ ಕುಕ್ಕರಗಾಲಲ್ಲಿ ಕೂತು, ಊರು ಬಾಯಿ ಹಾಕಿದ ಕೊಡವನ್ನು ಬೂದಿ ಹಚ್ಚಿ ತಿಕ್ಕಿದ. ತುಂಗವ್ವ ನಳದಿಂದ ತಂದ ನೀರು ಹೊಯ್ದಳು. ಅವನು ಒಳಗೆ ಮೂಗಿಟ್ಟು ಮೂಸಿ, ಮುಖ ಕಿವುಚಿ, ಮತ್ತೆ ಬೂದಿ ಹಚ್ಚಿದ. ಅವಸರವಿರಲಿಲ್ಲ ಅವನಿಗೆ. ಕಡೆಗೆ ಕೊಡವನ್ನು ಬಿಸಿಲಿಗೆ ಕವುಚಿಟ್ಟು, ಅದರ ಪಕ್ಕದಲ್ಲಿ ಸುಮ್ಮನೆ ಕೂತ.

ಕೀಲಿಕೈ ಕಟ್ಟೆಯ ಮೇಲೇ ಇತ್ತು. ಯಾರೂ ಬುಟ್ಟಿ ಎತ್ತಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಆ ಕೊಡ ಒಣಗುವವರೆಗೆ ಊರು ಬಿಸಿಲಲ್ಲಿ ನಿಂತಿತ್ತು.