ಮೇಲಿನ ಮನೆಯ ಮೂಕ ಲ್ಯಾಪ್‌ಟಾಪ್

ಕರೆಗಂಟೆ ಎರಡನೆಯ ಸಲ ಸದ್ದು ಮಾಡಿದ ಮೇಲೆ ಜಯಾ ಎದ್ದರು. ಗಂಡ ಗುಂಡಣ್ಣ ತೀರಿಕೊಂಡ ಮೇಲೆ ಅವರಿಗೆ ಯಾವುದಕ್ಕೂ ಕೂಡಲೇ ಏಳಲು ಆಗುತ್ತಿರಲಿಲ್ಲ. ಅಳು ಬರುತ್ತಿತ್ತು ಎಂದಲ್ಲ. ಅಳು ಬಂದಿದ್ದರೆ ನೋಡಲು ಬಂದವರಿಗಾದರೂ ಸಮಾಧಾನವಾಗುತ್ತಿತ್ತು. ಹಲ್ಲು ಕೀಳುವ ಮೊದಲು ಡಾಕ್ಟರು ಇಂಜೆಕ್ಷನ್ ಚುಚ್ಚಿದ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಮುಟ್ಟಿದರೂ ತಿಳಿಯುತ್ತಿರಲಿಲ್ಲ, ಅಷ್ಟೇ.

ಬಾಗಿಲಲ್ಲಿ ಮೇಲಿನ ಮನೆಯ ಫರ್ಹೀನ್ ನಿಂತಿದ್ದಳು. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಬಿ.ಎ. ಮುಗಿಸಿ, ಅಮೃತಹಳ್ಳಿಯ ಈ ಮನೆಯ ಮಹಡಿಯಲ್ಲಿ ಅಕ್ಕ ಜೋಯಾಳ ಜೊತೆ ಬಾಡಿಗೆಗಿದ್ದಳು. ಜೋಯಾ ಹೆಬ್ಬಾಳದ ಕಡೆ ಆಫೀಸಿಗೆ ಹೋಗುವವಳು. ಆಗಾಗ ಸಂಜೆ ಹೋಟೆಲಿನ ಇಡ್ಲಿ ಪೊಟ್ಟಣ ಹಿಡಿದು ಬಂದು, "ಆಂಟಿ, ಇವತ್ತೂ ಒಂದ್ ಪ್ಲೇಟ್ ಜಾಸ್ತಿ ಕಟ್ಟಿಬಿಟ್ಟ ನೋಡಿ" ಎಂದು ಕೊಟ್ಟು ಹೋಗುತ್ತಿದ್ದಳು. ಆ ಹೋಟೆಲಿನವನಿಗೆ ಲೆಕ್ಕ ಬರುವುದಿಲ್ಲವೇನೋ ಎಂದು ಜಯಾ ಅಂದುಕೊಂಡಿದ್ದರು.

"ಮಲಗಿದ್ರಾ ಆಂಟಿ? ಸಾರಿ. ಸ್ವಲ್ಪ ಮೇಲೆ ಬರ್ತೀರಾ? ನಂಗೆ ಎರಡು ಕಣ್ಣು ಬೇಕಿತ್ತು, ಕೈಗಡ."

"ಏನಾಯ್ತು?" ದನಿ ಒರಟಾಗಿ ಹೊರಟಿತು. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

"ಲ್ಯಾಪ್‌ಟಾಪ್ ಮಾತಾಡ್ತಿಲ್ಲ. ನಾಲ್ಕು ಗಂಟೆಗೆ ಟೆಸ್ಟು."

ಮೆಟ್ಟಿಲು ಹತ್ತುತ್ತ ಫರ್ಹೀನ್ ಎಲ್ಲ ಹೇಳಿದಳು. ಪರದೆಯ ಮೇಲೆ ಬಂದದ್ದನ್ನು ಅವಳಿಗೆ ಲ್ಯಾಪ್‌ಟಾಪೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು, ಈಗ ಅದರ ದನಿ ನಿಂತಿತ್ತು. ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುವ ಕೆಲಸ, ಮನೆಯಿಂದಲೇ ಮಾಡಬಹುದು. ಇವತ್ತಿನ ಪರೀಕ್ಷೆಯಲ್ಲಿ ಆಯ್ಕೆಯಾದರೆ ಕೆಲಸ ಸಿಕ್ಕಿದಂತೆಯೇ. ಆ ಪರೀಕ್ಷೆ ಫೋನಿನಲ್ಲಿ ತೆರೆಯುವುದಿಲ್ಲ, ಕಂಪ್ಯೂಟರೇ ಬೇಕು. ಇದಕ್ಕೆ ಮೊದಲು ಎರಡು ಕಡೆ ಅವಳನ್ನು ನೋಡಿದ ತಕ್ಷಣ "ತಿಳಿಸ್ತೀವಿ" ಎಂದು ಕಳಿಸಿದ್ದರು. ಇಲ್ಲಿ ಯಾರೂ ಅವಳನ್ನು ನೋಡುವುದಿಲ್ಲ, ಟೈಪ್ ಮಾಡಿದ್ದನ್ನಷ್ಟೇ ನೋಡುತ್ತಾರೆ. ಕಳೆದ ವಾರ ಲ್ಯಾಪ್‌ಟಾಪ್ ಕೆಟ್ಟು ನಿಂತಿತ್ತು. ರಿಪೇರಿ ಅಂಗಡಿಯ ಶ್ರೀಕಾಂತ್ ಅದರಲ್ಲಿದ್ದುದನ್ನೆಲ್ಲ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಹಿಂದಿನ ಸಂಜೆ ಜೋಯಾಳ ಕೈಗೆ ಕೊಟ್ಟಿದ್ದ.

ಫರ್ಹೀನ್ ಅವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಹಿಂದೆ ಮದುವೆ ಮನೆಯ ವಾದ್ಯ ಮೊಳಗುತ್ತಿತ್ತು.

"ಎಲ್ಲಾ ಚೆಕ್ ಮಾಡೇ ಕೊಟ್ಟಿದ್ದೀನಲ್ಲ ಮೇಡಂ! ಡಿಸ್‌ಪ್ಲೇ ಸೂಪರ್ ಆಗಿ ಬಂತು."

"ಡಿಸ್‌ಪ್ಲೇ ತಗೊಂಡು ನಾನೇನ್ ಮಾಡ್ಲಿ ಶ್ರೀಕಾಂತ್? ಸೌಂಡ್ ಕೇಳಿದ್ರಾ?"

"ಅಯ್ಯೋ... ತಲೆಗೇ ಹೊಳೀಲಿಲ್ಲ ಮೇಡಂ. ನಾನೀಗ ತುಮಕೂರಲ್ಲಿದ್ದೀನಿ. ಡ್ರೈವರ್ ಹಾಕ್ಬೇಕು. ಮಾಡೆಲ್ ನಂಬರ್ ನೋಡಿ ಕಂಪನಿ ಸೈಟಿಂದ ಇಳಿಸ್ಕೊಳ್ಳಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ನಾನೇ ಮನೆಗ್ ಬರ್ತೀನಿ."

ನಾಳೆಗೆ ಟೆಸ್ಟೇ ಇರುವುದಿಲ್ಲ. ಫರ್ಹೀನ್ ಫೋನ್ ಕೆಳಗಿಟ್ಟಳು. "ಡ್ರೈವರ್ ಮಿಸ್ಸಿಂಗು ಆಂಟಿ."

"ಡ್ರೈವರ್ ಇಲ್ಲದೆ ನಮ್ಮ ಕಾರೂ ಕೆಳಗೆ ಹಾಗೇ ನಿಂತಿದೆ," ಎಂದರು ಜಯಾ. ತಮಾಷೆಗೆ ಅಂದದ್ದಲ್ಲ, ಬಾಯಿಗೆ ಬಂತು. ಫರ್ಹೀನ್ ಕಿಸಕ್ಕನೆ ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡಳು.

"ನಗು, ಪರವಾಗಿಲ್ಲ. ಅವರಿದ್ದಿದ್ರೆ ಅವರೇ ಮೊದಲು ನಗ್ತಿದ್ರು. ಹಾಗಂದ್ರೇನು, ಡ್ರೈವರ್ ಅಂದ್ರೆ?"

"ಒಂದೊಂದು ಭಾಗ ನಡೆಸೋಕೂ ಒಂದೊಂದು ಪುಟ್ಟ ಸಾಫ್ಟ್‌ವೇರ್ ಇರತ್ತೆ ಆಂಟಿ. ಈಗ ಸ್ಪೀಕರ್ ಇದೆ, ಚೆನ್ನಾಗೇ ಇದೆ. ಆದ್ರೆ ಅದು ಅಲ್ಲಿದೆ ಅಂತ ಲ್ಯಾಪ್‌ಟಾಪ್‌ಗೇ ಗೊತ್ತಿಲ್ಲ."

ಜಯಾ ಆ ಕಪ್ಪು ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

ವೈಫೈಗೂ ಡ್ರೈವರ್ ಇರಲಿಲ್ಲ. ಫರ್ಹೀನ್ ತನ್ನ ಫೋನನ್ನು ಚಾರ್ಜರಿನ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಇಂಟರ್ನೆಟ್ಟನ್ನೇ ಅದಕ್ಕೆ ಕೊಟ್ಟಳು. ಯಾವ ಗುಂಡಿ ಒತ್ತಬೇಕೆಂಬುದು ಅವಳ ಬೆರಳಿಗೆ ಗೊತ್ತಿತ್ತು. ಒತ್ತಿದ ಮೇಲೆ ಏನಾಯಿತೆಂದು ಜಯಾ ಹೇಳಬೇಕಾಗಿತ್ತು.

"ಈಗೇನ್ ಬಂತು? ಓದಿ."

"ಉದ್ದಕ್ಕೆ ಹೆಸರುಗಳಿವೆ. ಬ್ಯಾಟರೀಸ್... ಕೀಬೋರ್ಡ್ಸ್... ಅದರ್ ಡಿವೈಸಸ್. ಅದರ ಕೆಳಗೆ ಆಡಿಯೋ ಅಂತಿದೆ, ಪಕ್ಕದಲ್ಲಿ ಹಳದಿ ತ್ರಿಕೋನ. ಒಳಗೆ ಆಶ್ಚರ್ಯಸೂಚಕ."

"ಅದೇ! ಅವನೇ ಕಳ್ಳ!"

ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ ಮಾಡೆಲ್ ನಂಬರ್ ಇರುವೆ ಸಾಲಿನಷ್ಟು ಸಣ್ಣಕ್ಕಿತ್ತು, ಅರ್ಧ ಅಳಿಸಿತ್ತು. ಜಯಾ ಕನ್ನಡಕ ಸರಿಪಡಿಸಿಕೊಂಡು ಓದಿದರು. ಫರ್ಹೀನ್ ಟೈಪ್ ಮಾಡಿದಳು. ಫೈಲು ನಿಧಾನವಾಗಿ ಇಳಿಯಿತು. ಹೊರಗೆ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನವೊಂದು ಗುಂಯ್ಗುಡುತ್ತ ಹೋಯಿತು. ಕೊನೆಗೆ ಪರದೆಯ ಮೇಲೆ ಒಂದು ಸಾಲು ಬಂತು.

"ಏನಂತೆ?"

"ಇದು ಈ ಕಂಪ್ಯೂಟರಿಗೆ ಹೊಂದಲ್ಲವಂತೆ."

ಫರ್ಹೀನಳ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. ಸರಿಯಾಗಿ ಓದಿದಿರಾ ಎಂದು ಅವಳು ಕೇಳಲಿಲ್ಲ. ಕೇಳದೇ ಇದ್ದದ್ದು ಜಯಾ ಅವರ ಗಮನಕ್ಕೆ ಬಂತು.

"ಇರು, ಬಂದೆ," ಎಂದು ಕೆಳಗಿಳಿದರು.

ಗುಂಡಣ್ಣನವರ ಮೇಜಿನ ಡ್ರಾಯರನ್ನು ಜಯಾ ಇನ್ನೂ ತೆರೆದಿರಲಿಲ್ಲ. ತೆರೆದರೆ ಏನಾಗುವುದೋ ಎಂದು ಅಕ್ಕತಂಗಿಯರೆಲ್ಲ ಹೆದರಿಸಿದ್ದರು. ಈಗ ಎಳೆದರು. ಏನೂ ಆಗಲಿಲ್ಲ. ಪೇಪರಿನ ಪದಬಂಧಕ್ಕೆ ಗಂಡ ಹಿಡಿಯುತ್ತಿದ್ದ ಭೂತಗನ್ನಡಿ ಮೇಲೆಯೇ ಇತ್ತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಹತ್ತಿದರು.

"ಎಂಟಲ್ಲ ಕಣೇ! ಅದು ಬಿ. ಇಂಗ್ಲಿಷ್ ಬಿ. ನಾನು ಎಂಟು ಅಂದ್ಬಿಟ್ಟೆ."

"ಅಯ್ಯೋ ಬಿಡಿ ಆಂಟಿ, ಎರಡಕ್ಕೂ ಎರಡೆರಡು ಹೊಟ್ಟೆ ಅಂತ ನಮ್ಮ ಟೀಚರ್ ಹೇಳಿದ್ರು. ಬ್ರೈಲಲ್ಲಿ ಈ ತೊಂದರೆ ಇಲ್ಲ ನೋಡಿ."

ಈ ಸಲ ಫೈಲು ಒಪ್ಪಿಕೊಂಡಿತು. ಹಸಿರು ಪಟ್ಟಿ ಮೆಲ್ಲಗೆ ತುಂಬತೊಡಗಿತು. ಎಷ್ಟು ತುಂಬಿತೆಂದು ಜಯಾ ಹೇಳುತ್ತಲೇ ಹೋದರು, ಕಾಲು, ಅರ್ಧ, ಮುಕ್ಕಾಲು. ಯಂತ್ರ ಆರಿ ಮತ್ತೆ ಹೊತ್ತಿಕೊಂಡಿತು. ಫರ್ಹೀನ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದಳು.

ಮೊದಲು ಒಂದು ಸಣ್ಣ ಟಣ್. ಆಮೇಲೆ ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ ಪಟಪಟ ಮಾತಾಡತೊಡಗಿತು. ಫರ್ಹೀನ್ ಅದರ ವೇಗವನ್ನು ಇನ್ನೂ ಏರಿಸಿದಳು. ಈಗ ಜಯಾ ಅವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಹುಡುಗಿ ಮಾತ್ರ ತನ್ನವರು ಊರಿಂದ ಬಂದಿಳಿದ ಹಾಗೆ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು.

"ಇದೇನು, ರೈಲು ಓಡಿದ ಹಾಗಿದೆ!"

"ನಿಮ್ ಥರ ಓದಿದ್ರೆ ನಂಗೆ ನಿದ್ದೆ ಬರತ್ತೆ ಆಂಟಿ. ಇವತ್ತೊಂದಿನ ಬರ್ಲಿಲ್ಲ."

ಟೆಸ್ಟಿಗೆ ಇನ್ನು ಸ್ವಲ್ಪವೇ ಹೊತ್ತು ಇತ್ತು. ಜಯಾ ಎದ್ದರು. ಬಾಗಿಲ ಹತ್ತಿರ ಹೋದಾಗ ಹುಡುಗಿ ಕರೆದಳು.

"ಆಂಟಿ, ಇವತ್ತು ನಿಮ್ ಕುಕ್ಕರ್ ಕೂಗ್ಲಿಲ್ಲ."

"ಹಸಿವಿರಲಿಲ್ಲ ಕಣಮ್ಮ. ನಿಂಗೆ ಕೇಳತ್ತಾ ಅದು?"

"ಕೇಳದೇ ಏನು? ದಿನಾ ಹನ್ನೊಂದಕ್ಕೆ ಕೂಗತ್ತೆ. ಕೂಗದೇ ಇದ್ದ ದಿನ ಅಕ್ಕನಿಗೆ ಮೆಸೇಜ್ ಹಾಕ್ತೀನಿ. ಇವತ್ತೂ..." ಅಂದವಳು ಥಟ್ಟನೆ ನಿಲ್ಲಿಸಿ ನಾಲಗೆ ಕಚ್ಚಿಕೊಂಡಳು.

ಜಯಾ ಚೌಕಟ್ಟು ಹಿಡಿದು ನಿಂತರು. ಇಡ್ಲಿ ಪೊಟ್ಟಣ. ಹೋಟೆಲಿನವನಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ತಮ್ಮ ಅಡುಗೆಮನೆಯ ಊಟ ಆಂಟಿಗೆ ಆಗುತ್ತದೋ ಇಲ್ಲವೋ ಎಂದು ಹೋಟೆಲಿಂದಲೇ ತರುತ್ತಿದ್ದರು ಈ ಹುಡುಗಿಯರು. ಒಳಗೆ ಏನೋ ಅಲುಗಿದಂತಾಯಿತು. ದೊಡ್ಡದೇನಲ್ಲ. ಇಂಜೆಕ್ಷನ್ನಿನ ಜೋಮು ಇಳಿಯುವಾಗ ತುಟಿಯ ತುದಿಯಲ್ಲಿ ಮೊದಲು ಚುರುಗುಟ್ಟುತ್ತದಲ್ಲ, ಅಷ್ಟು.

"ಇಡ್ಲಿ ಬೇಡ ಅಂತ ಮೆಸೇಜ್ ಹಾಕು," ಎಂದರು. "ಟೆಸ್ಟ್ ಮುಗಿದ ಮೇಲೆ ನೆಲಕ್ಕೆ ಕಾಲು ಕುಟ್ಟು, ನಂಗೆ ಗೊತ್ತಾಗಲಿ."

ಕೆಳಗೆ ಬಂದು ಬೇಳೆ ತೊಳೆದರು, ಅಕ್ಕಿ ತೊಳೆದರು. ಕುಕ್ಕರಿನ ಮುಚ್ಚಳ ಹಾಕಿ, ಒಲೆ ಹೊತ್ತಿಸದೆ ನಿಂತರು. ಮೇಲೆ ಆ ಹುಡುಗಿ ಯಾರದೋ ದನಿಯನ್ನು ಕಿವಿಗೊಟ್ಟು ಕೇಳಿ ಬರೆಯುತ್ತಿರುತ್ತಾಳೆ. ನಡುವೆ ಇದು ಕೂಗಿದರೆ ಒಂದು ಪದ ತಪ್ಪಿಹೋಗಬಹುದು. ಮಣೆ ಎಳೆದುಕೊಂಡು ಕೂತರು. ಕಾಯುವುದು ಅವರಿಗೆ ಕಷ್ಟವೇನಲ್ಲ. ಇಷ್ಟು ದಿನ ಸುಮ್ಮನೆ ಕೂತೇ ಇದ್ದರು. ಇವತ್ತು ಒಂದು ಸದ್ದಿಗಾಗಿ ಕೂತಿದ್ದರು.

ಕಿಟಕಿಯ ಬಿಸಿಲು ಸಿಂಕಿನಿಂದ ಗೋಡೆಗೆ ಹತ್ತಿತು. ಆಗ ತಲೆಯ ಮೇಲೆ ಧಡಧಡನೆ ಕಾಲು ಕುಟ್ಟುವ ಸದ್ದಾಯಿತು. ಕುಟ್ಟಿದ್ದಲ್ಲ, ಕುಣಿದದ್ದು.

ಜಯಾ ಎದ್ದು ಒಲೆ ಹೊತ್ತಿಸಿದರು. ಅಕ್ಕಿ ಮೂರು ಜನಕ್ಕಾಗುವಷ್ಟಿತ್ತು. ಮೂರು ವಿಷಲ್ ಸಾಕಾಗಿತ್ತು. ಮೇಲೆ ಕೇಳಿಸಲಿ ಎಂದು ಅವರು ಇನ್ನೊಂದು ಕೂಗಿಸಿದರು.