ರಾಣಿಯ ಗೌನಿಗೆ ನಾಲ್ಕು ಹೊಲಿಗೆ

ಕಳಚಿ ಬೀಳಲೆಂದೇ ಬಟ್ಟೆ ಹೊಲಿಸುವವರನ್ನು ಸ್ಟೆಲ್ಲಾ ಇದುವರೆಗೆ ಕಂಡಿರಲಿಲ್ಲ. ಕೊಲ್ಲಿ ದೇಶದ ಸೆಗಯಾ ಪೇಟೆಯ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ಗೌನು ಹೊಲಿಯುವ ಹೆಂಗಸು ಅವಳು. ಹೊಲಿಗೆ ಬಿಟ್ಟಿತೆಂದು ಒಬ್ಬಳೂ ತಿರುಗಿ ಬಂದದ್ದಿಲ್ಲ. ಈಗ ನೋಡಿದರೆ ಅದೇ ದೇಶದ ಈಸಾ ಟೌನಿನಲ್ಲಿ ಬೆಳೆದು ಲಂಡನ್ನಿನಲ್ಲಿ ಕುಣಿತ ಕಲಿತು ಬಂದ ತನ್ವಿ, ವಿಕ್ಟೋರಿಯಾ ರಾಣಿಯ ಕರಿ ಗೌನು ಬೇಕು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು ಅನ್ನುತ್ತಾಳೆ!

ಬರ್ಲೆಸ್ಕ್ ಅಂತೆ ಅದರ ಹೆಸರು. ದೊಡ್ಡವರನ್ನು ಅಣಕಿಸುತ್ತ, ಕುಣಿಯುತ್ತ, ಒಂದೊಂದೇ ಬಟ್ಟೆ ಕಳಚುವ ಆಟ. ಗಂಡ ಸತ್ತ ಮೇಲೆ ನಲವತ್ತು ವರ್ಷ ಕರಿ ಬಟ್ಟೆ ಬಿಡದ ರಾಣಿಯನ್ನು ತನ್ವಿ ಕೆಂಪು ಫ್ರಾಕಿನಲ್ಲಿ ಕುಣಿಸುತ್ತಾಳಂತೆ. ಹೋಟೆಲಿನಲ್ಲಿ ಹೆಂಗಸರಿಗೆ ಮಾತ್ರ, ಎರಡು ದಿನ. ಮೊದಲನೆಯದು ಕೆಟ್ಟರೆ ಎರಡನೆಯದು ಇಲ್ಲವೆಂದು ಮ್ಯಾನೇಜರ್ ಹೇಳಿಬಿಟ್ಟಿದ್ದಳು. ಸ್ಟೆಲ್ಲಾಳಿಗೆ ನಾಚಿಕೆಯೋ ನಾಚಿಕೆ. ಆದರೆ ನೋಡದೆ ಇರುವುದು ಹೇಗೆ? ಗೌನು ತೊಡಿಸಲು ತಾನೇ ಬರುತ್ತೇನೆಂದು ಗಂಟುಬಿದ್ದಳು.

ಆಟದ ಸಂಜೆ ಬೆನ್ನಿನ ಪ್ರೆಸ್ ಬಟನ್ ಒತ್ತಿ, ತನ್ವಿಯನ್ನು ವೇದಿಕೆಗೆ ಕಳಿಸಿ, ಪರದೆಯ ಸಂದಿಗೆ ಕಣ್ಣಿಟ್ಟಳು. ಗಂಟುಮೋರೆಯ ರಾಣಿ ಸೊಂಟ ಕುಣಿಸಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಟೊಪ್ಪಿ ಹೋಯಿತು, ಶಾಲು ಹೋಯಿತು, ಕೈಗವಸೂ ಹೋಯಿತು. ಇನ್ನು ಗೌನು. ತನ್ವಿ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು.

ಸ್ಟೆಲ್ಲಾ ತನ್ನ ಕೈ ನೋಡಿಕೊಂಡಳು. ಅದರಲ್ಲಿ ಇನ್ನೂ ಕರಿ ನೂಲಿನ ಸೂಜಿ ಇತ್ತು. ಮದುಮಗಳನ್ನು ಇಗರ್ಜಿಗೆ ಕಳಿಸುವ ಮುಂಚೆ, ಜಿಪ್ಪು ಕೈಕೊಡದಿರಲೆಂದು ಸೊಂಟದ ಹತ್ತಿರ ನಾಲ್ಕು ಹೊಲಿಗೆ ಹಾಕುವುದು ಅವಳ ರೂಢಿ. ಮಾತಿನ ನಡುವೆ ಕೈ ತನ್ನ ಪಾಡಿಗೆ ಇಲ್ಲೂ ಹಾಕಿಬಿಟ್ಟಿತ್ತು. ಹಾಳಾದ ಕೈ!

ಯೋಚಿಸುತ್ತ ನಿಂತರೆ ಹುಡುಗಿಯ ಗತಿ? ಕೊರಳಲ್ಲಿ ಟೇಪು, ಕಾಲಲ್ಲಿ ಹವಾಯಿ ಚಪ್ಪಲಿ, ಕತ್ತರಿ ಹಿಡಿದು ನಡೆದೇಬಿಟ್ಟಳು. ತನ್ವಿ ಚುರುಕು, ಗದ್ದ ಎತ್ತಿ, ಆಳಿಗೆ ಅಪ್ಪಣೆ ಕೊಡುವ ರಾಣಿಯ ಠೀವಿಯಲ್ಲಿ ಬೆನ್ನು ತಿರುಗಿಸಿದಳು. ಸ್ಟೆಲ್ಲಾ ಒಂದು ಹೊಲಿಗೆ ಕತ್ತರಿಸಿದಳು. ಡ್ರಮ್ಮಿನವಳು ಒಂದು ಪೆಟ್ಟು ಹಾಕಿದಳು. ಎರಡನೆಯದಕ್ಕೆ ಸಭೆಯೇ ಎಣಿಸತೊಡಗಿತು. ನಾಲ್ಕು ಅನ್ನುವಷ್ಟರಲ್ಲಿ ಕರಿ ಗೌನು ಕುಸಿದುಬಿತ್ತು, ಕೆಂಪು ಫ್ರಾಕು ಗಿರ್ರನೆ ತಿರುಗಿತು. ಚಪ್ಪಾಳೆಗೆ ಕಿವಿ ಕಿವುಡಾಯಿತು.

ಒಳಗೆ ಬಂದ ಮೇಲೆ ಸ್ಟೆಲ್ಲಾ ಅಳುತ್ತ ತಪ್ಪೊಪ್ಪಿಕೊಂಡಳು. ತನ್ವಿ ಏದುಸಿರು ಬಿಡುತ್ತಲೇ ಅವಳ ಕೈ ಹಿಡಿದಳು.

"ನಾಳೇನೂ ಹೊಲೀರಿ ಆಂಟಿ, ಪ್ಲೀಸ್. ಮ್ಯಾನೇಜರ್ ಈಗ ಬಾಗಿಲಲ್ಲೇ ಹೇಳಿದ್ರು, ಅದೇ ಬೇಕಂತೆ."

ಸ್ಟೆಲ್ಲಾ ಕಣ್ಣೊರೆಸಿಕೊಂಡಳು. ಪರದೆಯಾಚೆ ಇನ್ನೂ ಚಪ್ಪಾಳೆ ನಿಂತಿರಲಿಲ್ಲ.

"ಹೊಲೀತೇನೆ ಮಾರಾಯ್ತಿ," ಅಂದಳು. "ಆದ್ರೆ ನಾಲ್ಕು ಬೇಗ ಮುಗೀತದೆ. ಹತ್ತು ಹಾಕ್ಲಾ?"