ಹನುಮಂತಮ್ಮನ ಹೆಸರಿನ ಸ್ಪ್ರಿಂಕ್ಲರ್

ನಮ್ಮ ಪಂಚಾಯ್ತಿಯಲ್ಲಿ ಸಬ್ಸಿಡಿ ಯಾರಿಗೆ ಬಂತು ಎಂಬುದು ಯಾವತ್ತೂ ಗುಟ್ಟಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ, ಆಮೇಲೆ ಅದರ ಮುಂದೆ ಬೀರು ಇಡುತ್ತಾರೆ. ಬೇಕಾದವರು ಬೀರು ಸರಿಸಿ ಓದಿಕೊಳ್ಳಲಿ! ಈ ಸಲ ಹೊಸದಾಗಿ ಬಂದ ಕೃಷಿ ಅಧಿಕಾರಿ ಹರ್ಷಿತಾ ಮೇಡಂ ಹಟ ಹಿಡಿದರು. ಗ್ರಾಮಸಭೆಯಲ್ಲಿ ಪ್ರತಿ ಹೆಸರನ್ನೂ ಮೈಕಿನಲ್ಲಿ ಕೂಗಬೇಕು, ಹೆಸರಿನವರು ಎದ್ದು ನಿಂತು ಸಾಮಾನು ಬಂದಿದೆ ಎನ್ನಬೇಕು.

ನಾನು ಅಂಥ ಸಭೆಗೆಲ್ಲ ಹೋಗುವವಳಲ್ಲ. ಅವತ್ತು ಬಾಲ್ಯದ ಗೆಳತಿ ಹನುಮಂತಮ್ಮ ಬಂದಿದ್ದಳು, ಇಬ್ಬರೂ ಹೋಗಿ ಹೆಂಗಸರ ಕಡೆ ಕೂತೆವು. ಅವಳಿಗೆ ಟೌನಿನ ಸತ್ಯಮಂಗಲದಲ್ಲಿ ಫ್ಯಾಕ್ಟರಿ ಕೆಲಸ, ಬಾಡಿಗೆ ಮನೆ. ಅಪ್ಪ ಕದರಯ್ಯ ತೀರಿಕೊಂಡ ಮೇಲೆ ಚೇಳೂರಿನ ಹತ್ತಿರದ ಹೊಲ ಅವಳಿಗೂ ಅಣ್ಣ ಅಡವಿಯಪ್ಪನಿಗೂ ಜಂಟಿ ಖಾತೆಯಾಗಿತ್ತು. ಮಾರನೆಯ ದಿನ ಗುಬ್ಬಿಯ ರಿಜಿಸ್ಟರ್ ಆಫೀಸಿಗೆ ಹೋಗಿ ತನ್ನ ಪಾಲು ಅಣ್ಣನಿಗೆ ಬಿಟ್ಟುಕೊಟ್ಟು ರುಜು ಹಾಕುವುದಿತ್ತು.

ನಮ್ಮ ಕಡೆ ಹೆಣ್ಣುಮಕ್ಕಳು ಹಾಗೆಯೇ. ಹೊಲ ಬಿಡುತ್ತೇವೆ, ಗೌರಿ ಹಬ್ಬಕ್ಕೆ ಸೀರೆ, ಅರಿಶಿನ ಕುಂಕುಮ ತರುತ್ತೇವೆ. ಬಿಡದಿದ್ದರೆ ತವರಿನ ಬಾಗಿಲು ಮುಚ್ಚಿತು. ನಾನೂ ಬಿಟ್ಟವಳೇ. ನನಗೆ ಬರುವ ಸೀರೆಗಳ ವಿಷಯ ಮಾತ್ರ ಕೇಳಬೇಡಿ.

"ಹೋಗ್ಲಿ ಬುಡೇ ರೇವಿ, ಅಣ್ಣ ಅಂತ ಒಬ್ಬ ಅವ್ನಲ್ಲ, ಸಾಕು," ಎಂದಿದ್ದಳು ಹನುಮಂತಮ್ಮ, ಸಭೆಗೆ ಬರುವ ದಾರಿಯಲ್ಲಿ.

ಮೈಕಿನಲ್ಲಿ ಅಡವಿಯಪ್ಪನ ಹೆಸರು ಬಂತು, ಸ್ಪ್ರಿಂಕ್ಲರ್ ಸೆಟ್ಟು. ಎದ್ದು "ಬಂದೈತೆ" ಎಂದು ಕೂತ. ಮುಂದಿನ ಹೆಸರು: "ಕದರಯ್ಯನವರ ಮಗಳು ಹನುಮಂತಮ್ಮ, ಸ್ಪ್ರಿಂಕ್ಲರ್ ಸೆಟ್ಟು."

ಅವಳು ಇನ್ಯಾವ ಹನುಮಂತಮ್ಮ ಎಂದು ಸುತ್ತ ನೋಡಿದಳು. ಅಡವಿಯಪ್ಪ ತಟ್ಟನೆ ಎದ್ದ. "ಅವ್ಳು ಟೌನಲ್ಲವ್ಳೆ ಮೇಡಂ. ಸಾಮಾನು ಬಂದೈತೆ, ಬರ್ಕಳಿ."

ನನಗೆ ಮೈಯೆಲ್ಲ ಉರಿಯಿತು. "ಇಲ್ಲೇ ಅವ್ಳೆ ಮೇಡಂ!" ಎಂದು ಕೂಗಿದೆ.

ಒಂದು ಹೆಸರಿಗೆ ಒಂದೇ ಸೆಟ್ಟು. ಎರಡನೆಯದಕ್ಕೆ ಮಹಾಶಯ ತಂಗಿಯ ಹೆಸರು ಹಾಕಿದ್ದಾನೆ. ಹಿಂದೊಮ್ಮೆ ಅಣ್ಣ ರೇಷನ್ ಕಾರ್ಡಿಗೆ ಅಂತ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದು ಇದಕ್ಕೇ ಎಂದು ಆಗ ಅವಳಿಗೆ ಹೊಳೆಯಿತು.

"ನಿಮ್ಗೆ ಬಂದಿದೆಯೇನಮ್ಮ? ಇಲ್ಲ ಅಂದ್ರೆ ನಿಮ್ಮ ಹೆಸರು ಹಾಕಿದೋರ ಮೇಲೆ ಕೇಸಾಗುತ್ತೆ," ಎಂದರು ಮೇಡಂ.

ಅಡವಿಯಪ್ಪನ ಮುಖ ಬಿಳಿಚಿಕೊಂಡಿತು. ಹನುಮಂತಮ್ಮ ಅವನನ್ನೇ ನೋಡಿದಳು.

"ಬಂದೈತೆ ಮೇಡಂ."

ಥೂ ಪೆದ್ದಿ, ಎಂದುಕೊಂಡೆ. ಆದರೆ ಅವಳು ಕೂರಲಿಲ್ಲ.

"ಯಾವ ಹೊಲಕ್ಕೆ ಕೊಟ್ಟಿರೋದು ಮೇಡಂ ಅದು?"

"ನಿಮ್ಮ ಪಾಲಿನ ಜಮೀನಿಗೆ. ಅಲ್ಲೇ ಇರ್ಬೇಕು, ನೀವೇ ಬೇಸಾಯ ಮಾಡ್ಬೇಕು."

"ಕೇಳಿಸ್ತೇನಣ್ಣ?" ಅವಳು ಅಡವಿಯಪ್ಪನ ಕಡೆ ತಿರುಗಿದಳು. "ಸರ್ಕಾರದೋರ ಹತ್ರ ನಾನು ರೈತಳು ಅಂತ ನೀನೇ ಬರ್ಸಿದ್ದೀಯ. ನಾಳೆ ಗುಬ್ಬಿಗೆ ಬರಾಕಿಲ್ಲ. ಈಗ್ಲೇ ಹೊಲ್ತಾವ ಬತ್ತೀನಿ, ನನ್ನ ಪೈಪು ತೋರ್ಸು."

"ಸೀರೆ ತಂದಿಟ್ಟಿದೀನಲ್ಲವ್ವ..." ಎಂದ ಅಡವಿಯಪ್ಪ, ಅಷ್ಟು ಜನರ ಎದುರಿಗೆ.

"ಇಟ್ಕ. ಹಬ್ಬಕ್ಕೆ ಬಂದೇ ಬತ್ತೀನಿ. ನಿಂಗೂ ಒಂದು ಪಂಚೆ ತತ್ತೀನಿ."

ಹೆಂಗಸರ ಕಡೆಯಿಂದ ನಗು ಎದ್ದಿತು. ಅಡವಿಯಪ್ಪ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ. ಹನುಮಂತಮ್ಮ ಅವನ ಹಿಂದೆಯೇ ಹೋದಳು, ಹೊಲದ ದಾರಿ ಹಿಡಿದು.

ನಾನು ಹೋಗಲಿಲ್ಲ. ನನ್ನ ಅಣ್ಣನೂ ಸ್ಪ್ರಿಂಕ್ಲರ್ ಹಾಕಿಸಿದ್ದಾನೆ. ನನ್ನ ಹೆಸರೂ ಕೂಗುತ್ತಾರೇನೋ ಎಂದು ಕೊನೆಯವರೆಗೂ ಕಿವಿಗೊಟ್ಟು ಕೂತಿದ್ದೆ. ಕೂಗಲಿಲ್ಲ. ನಾನು ಗುಬ್ಬಿಗೆ ಹೋಗಿ ರುಜು ಹಾಕಿ ಬಂದು ಬಹಳ ವರ್ಷವಾಯಿತು.